ಮಸೀದಿ, ರಾಕಿ ಮತ್ತು ನಾಲ್ಕನೆಯ ತರಗತಿಯ ಧರ್ಮಪಾಠ: ಇಸ್ತಾಂಬುಲ್‌ನಿಂದ ಬಂದ ಪತ್ರಕ್ಕೆ ಉತ್ತರ

ಪ್ರಶ್ನೆ: ಪತಿಯ ಉದ್ಯೋಗದ ನಿಮಿತ್ತ ನಾವು ಹಾಸನದಿಂದ ಇಸ್ತಾಂಬುಲ್‌ಗೆ ಬಂದು ವರ್ಷವಾಗುತ್ತ ಬಂತು. ಏಷ್ಯಾ ಬದಿಯ ಕಾಡಿಕೋಯ್‌ನಲ್ಲಿ ಮನೆ. ನಾನೂ ಇಲ್ಲಿಯೇ ಕೆಲಸಕ್ಕೆ ಸೇರಿದ್ದೇನೆ. ನೋಡಿದಷ್ಟೂ ಗೊಂದಲ ಹೆಚ್ಚುತ್ತಿದೆ. ನಮ್ಮ ಮನೆಯ ಮಾಲೀಕರು ಸಂಜೆಯಾದರೆ ರಾಕಿ ಎಂಬ ಇಲ್ಲಿನ ಮದ್ಯ ಕುಡಿಯುವವರು. ರಂಜಾನ್ ತಿಂಗಳಿಡೀ ಬಾಟಲಿ ಮುಟ್ಟಲಿಲ್ಲ, ಆದರೆ ಉಪವಾಸವನ್ನೂ ಮಾಡಲಿಲ್ಲ. ಮೇಲಿನ ಮನೆಯ ತಾಯಿ ತಲೆವಸ್ತ್ರ ಧರಿಸುತ್ತಾರೆ, ಮಗಳು ಧರಿಸುವುದಿಲ್ಲ, ಇಬ್ಬರೂ ಕೈ ಕೈ ಹಿಡಿದು ಪೇಟೆಗೆ ಹೋಗುತ್ತಾರೆ. ಆಜಾನ್ ಮುಗಿಯುತ್ತಲೇ ಎದುರಿನ ಬಾರಿನಲ್ಲಿ ಸಂಗೀತ ಶುರುವಾಗುತ್ತದೆ. ನವೆಂಬರ್ 10ರ ಬೆಳಿಗ್ಗೆ 9.05ಕ್ಕೆ ಸೈರನ್ ಕೂಗಿದಾಗ ಇಡೀ ರಸ್ತೆ ಗಣರಾಜ್ಯದ ಸ್ಥಾಪಕ ಅತಾತುರ್ಕ್ ಅವರ ನೆನಪಿಗೆ ನಿಂತುಬಿಟ್ಟಿತು. ಆಫೀಸಿನಲ್ಲಿ ತಮ್ಮನ್ನು ಧರ್ಮನಿರಪೇಕ್ಷರೆಂದು ಹೇಳಿಕೊಳ್ಳುವವರು ತಲೆವಸ್ತ್ರದ ಸಹೋದ್ಯೋಗಿಯ ಬಗ್ಗೆ ಹಿಂದಿನಿಂದ ಆಡುವ ಮಾತು ಕೇಳಿ ಬೇಸರವಾಯಿತು. ಊರಿನಲ್ಲಿ ಮಾವನವರು ವಸ್ತುಸಂಗ್ರಹಾಲಯವಾಗಿದ್ದ ಹಾಗಿಯಾ ಸೋಫಿಯಾ ಮಸೀದಿಯಾದದ್ದನ್ನು ಹಿಡಿದುಕೊಂಡು, "ಅದು ಇನ್ನೊಂದು ಇರಾನ್ ಆಗುತ್ತದೆ, ವಾಪಸ್ಸು ಬನ್ನಿ" ಎನ್ನುತ್ತಾರೆ. ಬಾಡಿಗೆ ಏರಿರುವುದರಿಂದ ಉಸ್ಕುದಾರ್ ಕಡೆ ಮನೆ ನೋಡುತ್ತಿದ್ದೇವೆ. ಅದು ಮಡಿವಂತರ ಜಾಗ ಎಂದು ಕೆಲವರು ಹೆದರಿಸುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಮಗ ಸೆಪ್ಟೆಂಬರ್‌ನಲ್ಲಿ ನಾಲ್ಕನೆಯ ತರಗತಿಗೆ ಹೋಗುತ್ತಾನೆ. ಅಲ್ಲಿಂದ ಧರ್ಮದ ಪಾಠ ಕಡ್ಡಾಯವಂತೆ. ಧರ್ಮನಿರಪೇಕ್ಷ ದೇಶದಲ್ಲಿ ಇದು ಹೇಗೆ ಸಾಧ್ಯ? ನಾವೇನು ಮಾಡಬೇಕು?

ಉತ್ತರ: ನೀವು ಕಂಡದ್ದರಲ್ಲಿ ಯಾವುದೂ ಅಪರೂಪದ್ದಲ್ಲ. ಅಂಕಾರಾದಲ್ಲಿ ಪಶ್ಚಿಮ ಏಷ್ಯಾದ ರಾಜಕೀಯ ಇತಿಹಾಸವನ್ನು ಪಾಠ ಮಾಡುತ್ತಿದ್ದ ವರ್ಷಗಳಲ್ಲಿಯೂ, ಆಮೇಲೆ ಆ ದೇಶಕ್ಕೆ ಉದ್ಯೋಗಕ್ಕಾಗಿ ಹೋಗುವ ಭಾರತೀಯ ಕುಟುಂಬಗಳಿಗೆ ಸಲಹೆ ನೀಡುವ ಕೆಲಸದಲ್ಲಿಯೂ ಇದೇ ಗೊಂದಲವನ್ನು ಹಲವು ಬಾಯಿಗಳಿಂದ ಕೇಳಿದ್ದೇನೆ. ಧರ್ಮನಿರಪೇಕ್ಷ ಸರ್ಕಾರವೆಂದರೆ ಧರ್ಮದ ಗೊಡವೆಗೆ ಹೋಗದ ಸರ್ಕಾರ, ಅಥವಾ ಎಲ್ಲ ಧರ್ಮಗಳನ್ನೂ ಒಂದೇ ಕಣ್ಣಿನಿಂದ ಕಾಣುವ ಸರ್ಕಾರ ಎಂಬ ಕಲ್ಪನೆಯನ್ನು ನಾವು ಇಲ್ಲಿಂದ ಹೊತ್ತುಕೊಂಡು ಹೋಗುತ್ತೇವೆ. ಟರ್ಕಿಯ ಗಣರಾಜ್ಯ ಈ ಎರಡನ್ನೂ ಮಾಡಲಿಲ್ಲ. ಅದು ಧರ್ಮವನ್ನು ತನ್ನ ಕಚೇರಿಯೊಳಕ್ಕೆ ಕರೆದು, ಕುರ್ಚಿ ಹಾಕಿ, ಸಂಬಳ ಗೊತ್ತುಮಾಡಿ, ಏನು ಮಾತಾಡಬೇಕೆಂಬುದನ್ನೂ ಬರೆದುಕೊಟ್ಟಿತು. ಈ ಒಂದು ಸಂಗತಿಯನ್ನು ಗಟ್ಟಿಯಾಗಿ ಹಿಡಿದುಕೊಂಡರೆ ನಿಮ್ಮ ಮಗನ ಪಾಠದಿಂದ ಹಿಡಿದು ಹಾಗಿಯಾ ಸೋಫಿಯಾದವರೆಗೆ ಬಹುತೇಕ ಎಲ್ಲವೂ ಅರ್ಥವಾಗುತ್ತದೆ.

ಅತಾತುರ್ಕ್ ಧರ್ಮವನ್ನು ದೇಶದಿಂದ ಹೊರಗೆ ಹಾಕಿದರು ಎಂಬುದು ಎಲ್ಲಕ್ಕಿಂತ ಹೆಚ್ಚು ಪ್ರಚಾರದಲ್ಲಿರುವ ತಪ್ಪು ತಿಳಿವಳಿಕೆ. ಅವರನ್ನು ಮೆಚ್ಚುವವರೂ ದೂಷಿಸುವವರೂ ಇದನ್ನು ಸಮಾನವಾಗಿ ನಂಬಿದ್ದಾರೆ. 1924ರ ಮಾರ್ಚ್ 3ರಂದು ಅಂಕಾರಾದ ಸಂಸತ್ತು ಖಲೀಫಾ ಪದವಿಯನ್ನು ರದ್ದುಮಾಡಿತು, ಮದರಸಾಗಳೂ ಸೇರಿದಂತೆ ಎಲ್ಲ ಶಾಲೆಗಳನ್ನು ಶಿಕ್ಷಣ ಸಚಿವಾಲಯದ ಕೈಗೆ ಒಪ್ಪಿಸಿತು, ಮತ್ತು ಅದೇ ದಿನ ದಿಯಾನೆತ್ ಎಂದು ಕರೆಯಲಾಗುವ ಧಾರ್ಮಿಕ ವ್ಯವಹಾರಗಳ ಇಲಾಖೆಯನ್ನು ಹುಟ್ಟುಹಾಕಿತು. (ಖಲೀಫಾ ಪದವಿಯ ಅಂತ್ಯಕ್ಕೆ ಭಾರತದವರೂ ತಿಳಿಯದೆ ಕೈಜೋಡಿಸಿದ್ದರೆಂಬುದು ಇತಿಹಾಸದ ವ್ಯಂಗ್ಯ: ಆ ಪದವಿಯ ಗೌರವವನ್ನು ಉಳಿಸಿರೆಂದು ಭಾರತದ ಮುಸ್ಲಿಂ ನಾಯಕರಾದ ಆಗಾ ಖಾನ್ ಮತ್ತು ಅಮೀರ್ ಅಲಿ ಅವರು ಪ್ರಧಾನಿ ಇಸ್ಮೆತ್ ಅವರಿಗೆ ಬರೆದ ಪತ್ರ ಇಸ್ತಾಂಬುಲ್‌ನ ಪತ್ರಿಕೆಗಳಲ್ಲಿ ಅಚ್ಚಾಗಿ, ಹೊರಗಿನವರ ಹಸ್ತಕ್ಷೇಪವೆಂಬ ಸಿಟ್ಟೆದ್ದು, ರದ್ದತಿಯ ಕೆಲಸ ಇನ್ನಷ್ಟು ಬೇಗ ನಡೆಯಿತು.) ಆಟೊಮನ್ನರ ಕಾಲದಲ್ಲಿಯೂ ಧಾರ್ಮಿಕ ವಿದ್ವಾಂಸರ ಮುಖ್ಯಸ್ಥನನ್ನು ನೇಮಿಸುತ್ತಿದ್ದವನು, ತೆಗೆಯುತ್ತಿದ್ದವನು ಸುಲ್ತಾನನೇ. ಹೊಸ ಗಣರಾಜ್ಯ ಆ ಹಿಡಿತವನ್ನು ಸಡಿಲಿಸುವ ಬದಲು ಬಿಗಿಗೊಳಿಸಿತು.

ನಮ್ಮ ಓದುಗರಿಗೆ ಇದನ್ನು ವಿವರಿಸಲು ನಾನು ಮುಜರಾಯಿ ಇಲಾಖೆಯ ಉದಾಹರಣೆ ಕೊಡುತ್ತೇನೆ. ಹುಂಡಿಯ ಲೆಕ್ಕ, ಅರ್ಚಕರ ತಸ್ತೀಕು, ಜೀರ್ಣೋದ್ಧಾರದ ಟೆಂಡರ್, ಇವೆಲ್ಲ ಆ ಇಲಾಖೆಯ ಕಡತದಲ್ಲಿರುವುದು ನಮಗೆ ಹೊಸತಲ್ಲ. ಅದೇ ಇಲಾಖೆ ರಾಜ್ಯದ ಪ್ರತಿಯೊಂದು ದೇವಸ್ಥಾನಕ್ಕೂ ಅರ್ಚಕರನ್ನು ಸರ್ಕಾರಿ ನೌಕರರಾಗಿ ನೇಮಿಸಿ, ವರ್ಗಾವಣೆ ಮಾಡಿ, ವಾರಕ್ಕೊಮ್ಮೆ ಎಲ್ಲ ಊರುಗಳಲ್ಲೂ ಒಂದೇ ಪ್ರವಚನ ಓದಬೇಕೆಂದು ಸುತ್ತೋಲೆ ಕಳಿಸಿದರೆ ಹೇಗಿರುತ್ತದೆಯೋ ದಿಯಾನೆತ್ ಹಾಗಿದೆ. ಅದರ ಅಧೀನದಲ್ಲಿ ಒಂದು ಲಕ್ಷಕ್ಕೂ ಮಿಕ್ಕಿದ ಸಿಬ್ಬಂದಿ ಇದ್ದಾರೆ, 80 ಸಾವಿರಕ್ಕೂ ಹೆಚ್ಚು ಮಸೀದಿಗಳಿವೆ, ಅದರ ಬಜೆಟ್ ಹಲವು ಸಚಿವಾಲಯಗಳದ್ದಕ್ಕಿಂತ ದೊಡ್ಡದು, ಮತ್ತು 2018ರಿಂದ ಅದು ನೇರವಾಗಿ ರಾಷ್ಟ್ರಾಧ್ಯಕ್ಷರ ಅಧೀನದಲ್ಲಿದೆ. ನಿಮ್ಮ ಬೀದಿಯ ಮಸೀದಿಯ ಇಮಾಮ್ ಸರ್ಕಾರಿ ಸಂಬಳದವರು. ಶುಕ್ರವಾರದ ಖುತ್ಬಾ, ಅಂದರೆ ಪ್ರವಚನ, ಅವರ ಸ್ವಂತದ್ದಲ್ಲ.

ಆಜಾನ್ ಯಾವ ಭಾಷೆಯಲ್ಲಿರಬೇಕೆಂಬುದನ್ನೂ ಅಲ್ಲಿ ಸರ್ಕಾರವೇ ನಿರ್ಧರಿಸಿದೆ. 1932ರಿಂದ ಅದು ಟರ್ಕಿಶ್ ಭಾಷೆಯಲ್ಲಿ ಮೊಳಗುತ್ತಿತ್ತು, ಅರಬ್ಬಿಯಲ್ಲಿ ಕೂಗಿದವರಿಗೆ ಶಿಕ್ಷೆಯೂ ಆಗುತ್ತಿತ್ತು. 1950ರ ಚುನಾವಣೆಯಲ್ಲಿ ಗೆದ್ದ ಅದ್ನಾನ್ ಮೆಂದೆರೆಸ್ ಅವರ ಸರ್ಕಾರ ಜೂನ್ ತಿಂಗಳಲ್ಲಿಯೇ ಅರಬ್ಬಿ ಆಜಾನ್ ಮರಳಲು ಅವಕಾಶ ಮಾಡಿಕೊಟ್ಟಿತು. 2016ರ ಜುಲೈ 15ರ ರಾತ್ರಿ ಸೈನ್ಯದ ಒಂದು ಬಣ ಕ್ಷಿಪ್ರಕ್ರಾಂತಿಗೆ ಯತ್ನಿಸಿದಾಗ ದಿಯಾನೆತ್ ಸೂಚನೆಯಂತೆ ದೇಶದ ಮಿನಾರುಗಳಿಂದ ರಾತ್ರಿಯಿಡೀ ಪ್ರಾರ್ಥನೆ ಮೊಳಗಿ, ಜನ ಬೀದಿಗಿಳಿದು ಸರ್ಕಾರದ ಪರ ನಿಂತರು. ಧರ್ಮವನ್ನು ಹದ್ದುಬಸ್ತಿನಲ್ಲಿಡಲು ಧರ್ಮನಿರಪೇಕ್ಷರು ಕಟ್ಟಿದ ಯಂತ್ರ ಇದು. ಧಾರ್ಮಿಕ ಒಲವಿನ ಪಕ್ಷ ಅಧಿಕಾರಕ್ಕೆ ಬಂದಾಗ ಅದನ್ನು ಒಡೆಯುವ ಅಗತ್ಯವೇ ಬೀಳಲಿಲ್ಲ. ಚುಕ್ಕಾಣಿ ಹಿಡಿದರೆ ಸಾಕಾಯಿತು. ಟರ್ಕಿಯ ಕಳೆದ ಎರಡು ದಶಕಗಳ ಬದಲಾವಣೆಯನ್ನು ನಾನು ಓದುವುದು ಹೀಗೆ.

ಈ ವ್ಯವಸ್ಥೆಯ ನಿಜವಾದ ಕೊರತೆ ಅದು ಯಾರನ್ನು ಹೊರಗಿಟ್ಟಿದೆ ಎಂಬುದರಲ್ಲಿ ಕಾಣುತ್ತದೆ. ದಿಯಾನೆತ್ ಪ್ರತಿನಿಧಿಸುವುದು ಸುನ್ನಿ ಹನಫಿ ಪಂಥವನ್ನು. ಟರ್ಕಿಯ ಜನಸಂಖ್ಯೆಯ ಗಣನೀಯ ಭಾಗವಾಗಿರುವ, ಬೇರೆ ಪಂಥದವರಾದ ಅಲೆವಿಗಳು ಮಸೀದಿಗೆ ಹೋಗುವವರಲ್ಲ. ಅವರು ಜೆಮ್‌ಎವಿ ಎಂಬ ತಮ್ಮ ಮಂದಿರಗಳಲ್ಲಿ ಗಂಡಸರೂ ಹೆಂಗಸರೂ ಒಟ್ಟಿಗೆ ಸೇರಿ, ಸಾಜ್ ವಾದ್ಯದ ಹಾಡಿನೊಡನೆ ಆರಾಧನೆ ನಡೆಸುತ್ತಾರೆ. ಅವರ ತೆರಿಗೆಯಿಂದಲೂ ಇಮಾಮರ ಸಂಬಳ ಸಲ್ಲುತ್ತದೆ, ಆದರೆ ಜೆಮ್‌ಎವಿಗೆ ಮಸೀದಿಗೆ ಸಮನಾದ ಆರಾಧನಾ ಸ್ಥಳದ ಮಾನ್ಯತೆ ಕಾನೂನಿನಲ್ಲಿ ಇಲ್ಲ. ವಿದ್ಯುತ್ ಬಿಲ್ಲಿನ ರಿಯಾಯಿತಿಯ ವಿಷಯದಲ್ಲಿಯೂ ಅವರು ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯದ ತನಕ ಹೋಗಿ 2014ರಲ್ಲಿ ಗೆಲ್ಲಬೇಕಾಯಿತು. 2022ರಲ್ಲಿ ಅವರಿಗಾಗಿ ಒಂದು ಪ್ರತ್ಯೇಕ ಕಚೇರಿ ತೆರೆದರು. ಅದನ್ನಿಟ್ಟದ್ದು ಸಂಸ್ಕೃತಿ ಮತ್ತು ಪ್ರವಾಸೋದ್ಯಮ ಸಚಿವಾಲಯದಲ್ಲಿ! ಹೀಗಿರುವಾಗ ಅಲೆವಿಗಳಲ್ಲಿ ಬಹುಪಾಲು ಜನ ಧರ್ಮನಿರಪೇಕ್ಷತೆಯ ಗಟ್ಟಿ ಬೆಂಬಲಿಗರಾಗಿರುವುದು ಸಹಜವೇ.

ಈಗ ನಿಮ್ಮ ಆಫೀಸಿನ ಮಾತಿಗೆ ಬರುತ್ತೇನೆ. ಅತಾತುರ್ಕ್ ತಲೆವಸ್ತ್ರವನ್ನು ನಿಷೇಧಿಸಿದರೆಂದು ನಿಮ್ಮ ಸಹೋದ್ಯೋಗಿಗಳೂ ಹೇಳಿಯಾರು. 1925ರ ಟೋಪಿ ಕಾನೂನು ಬಂದದ್ದು ಗಂಡಸರ ಫೆಜ್ ಟೋಪಿಯ ಮೇಲೆ. ಹೆಂಗಸರ ತಲೆವಸ್ತ್ರದ ಮೇಲೆ ದೇಶವ್ಯಾಪಿ ಕಾನೂನನ್ನು ಅವರ ಸಂಸತ್ತು ಮಾಡಲಿಲ್ಲ. ವಿಶ್ವವಿದ್ಯಾಲಯಗಳಲ್ಲಿ ನಿಷೇಧ ಕಾಣಿಸಿಕೊಂಡದ್ದು 1980ರ ಸೈನಿಕ ಕ್ರಾಂತಿಯ ನಂತರ, ಹಳ್ಳಿಗಳಿಂದ ನಗರಕ್ಕೆ ಬಂದ ಧಾರ್ಮಿಕ ಕುಟುಂಬಗಳ ಹೆಣ್ಣುಮಕ್ಕಳು ಮೊದಲ ಬಾರಿಗೆ ದೊಡ್ಡ ಸಂಖ್ಯೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತತೊಡಗಿದಾಗ. ಅಜ್ಜಿಯ ತಲೆವಸ್ತ್ರ, ಮನೆಗೆಲಸದವರ ತಲೆವಸ್ತ್ರ ಯಾರ ಕಣ್ಣನ್ನೂ ಚುಚ್ಚಿರಲಿಲ್ಲ. ವೈದ್ಯೆಯಾಗಲು, ವಕೀಲೆಯಾಗಲು ಬಂದ ಹುಡುಗಿಯ ತಲೆವಸ್ತ್ರ ಚುಚ್ಚಿತು. ಹಾಗಾಗಿ ಈ ಜಗಳದಲ್ಲಿ ಧರ್ಮಕ್ಕಿಂತ ವರ್ಗದ ಪಾತ್ರವೇ ಹೆಚ್ಚೆಂಬುದು ನನ್ನ ಖಚಿತ ಅಭಿಪ್ರಾಯ.

1997ರ ಫೆಬ್ರವರಿ 28ರಂದು ಸೇನಾಧಿಕಾರಿಗಳು ಸರ್ಕಾರಕ್ಕೆ ಕೊಟ್ಟ ಎಚ್ಚರಿಕೆಯ ನಂತರ ಈ ನಿಷೇಧ ಅತ್ಯಂತ ಕಠಿಣವಾಯಿತು. ಇಸ್ತಾಂಬುಲ್ ವಿಶ್ವವಿದ್ಯಾಲಯದಲ್ಲಿ ಹುಡುಗಿಯರನ್ನು ಕೋಣೆಗೆ ಕರೆದು ತಲೆವಸ್ತ್ರ ತೆಗೆಯುವಂತೆ ಮನವೊಲಿಸುವ ಏರ್ಪಾಡಿತ್ತು. 1999ರ ಮೇ ತಿಂಗಳಲ್ಲಿ ಚುನಾಯಿತ ಸಂಸದೆ ಮೆರ್ವೆ ಕಾವಾಕ್ಚಿ ತಲೆವಸ್ತ್ರ ಧರಿಸಿ ಸಂಸತ್ತಿಗೆ ಬಂದಾಗ ಪ್ರಮಾಣವಚನಕ್ಕೂ ಅವಕಾಶ ಸಿಗಲಿಲ್ಲ. 2005ರಲ್ಲಿ ಐರೋಪ್ಯ ನ್ಯಾಯಾಲಯವೂ ಲೈಲಾ ಶಾಹಿನ್ ಎಂಬ ವೈದ್ಯಕೀಯ ವಿದ್ಯಾರ್ಥಿನಿಯ ಪ್ರಕರಣದಲ್ಲಿ ನಿಷೇಧವನ್ನೇ ಎತ್ತಿಹಿಡಿಯಿತು. 2010ರ ಸುಮಾರಿಗೆ ವಿಶ್ವವಿದ್ಯಾಲಯಗಳಲ್ಲಿ, 2013ರಲ್ಲಿ ಸರ್ಕಾರಿ ಕಚೇರಿಗಳಲ್ಲಿ, ಮುಂದೆ ಪೊಲೀಸ್ ಮತ್ತು ಸೈನ್ಯದಲ್ಲಿಯೂ ನಿಷೇಧ ಹೋಯಿತು. ಓದು ಬಿಟ್ಟ, ವಿದೇಶಕ್ಕೆ ಹೋದ, ಕೃತಕ ಕೂದಲು ಧರಿಸಿ ಪರೀಕ್ಷೆ ಬರೆದ ಹೆಂಗಸರು ಈಗ ನಡುವಯಸ್ಸಿನವರು. ನಿಮ್ಮ ಮೇಲಿನ ಮನೆಯ ತಾಯಿ ಆ ಪೀಳಿಗೆಯವರಿರಬಹುದು. ಇನ್ನೊಂದು ಕಡೆ, ಆಫೀಸಿನಲ್ಲಿ ಪಿಸುಗುಟ್ಟುವವರ ಆತಂಕವನ್ನೂ ಸುಮ್ಮನೆ ತಳ್ಳಿಹಾಕಬೇಡಿ. ಸರ್ಕಾರಿ ನೇಮಕಾತಿಯಲ್ಲಿ, ಗುತ್ತಿಗೆಗಳಲ್ಲಿ ಧಾರ್ಮಿಕ ಒಲವಿನವರಿಗೆ ಮಣೆ ಎಂಬ ಅನುಭವ ಅವರದ್ದು. ಆ ಸಿಟ್ಟು ಸುಲಭವಾಗಿ ಸಿಗುವ ಒಬ್ಬ ಸಹೋದ್ಯೋಗಿಯ ಮೇಲೆ ತಿರುಗುತ್ತದೆ. ಅತಾತುರ್ಕ್ ಸ್ಥಾಪಿಸಿದ ಗಣರಾಜ್ಯವಾದಿ ಜನತಾ ಪಕ್ಷದ ಅಂದಿನ ನಾಯಕ ಕಿಲಿಚ್‌ದಾರೋಲು ಅವರೇ 2022ರಲ್ಲಿ ತಲೆವಸ್ತ್ರದ ಹಕ್ಕಿಗೆ ಕಾನೂನಿನ ಭದ್ರತೆ ಕೊಡೋಣವೆಂದು ಮುಂದಾದರು. ರಾಜಕೀಯವಾಗಿ ತಣ್ಣಗಾಗುತ್ತಿರುವ ಜಗಳ ಚಹಾ ಹೊತ್ತಿನ ಮಾತಿನಲ್ಲಿ ಇನ್ನೂ ಉಳಿದುಕೊಂಡಿದೆಯಷ್ಟೆ. ವಿದೇಶಿಯಾಗಿ ನೀವು ಆ ಮಾತಿಗೆ ಹೂಂಗುಡದೆ, ವಾದಕ್ಕೂ ಇಳಿಯದೆ, ಆ ಸಹೋದ್ಯೋಗಿಯೊಡನೆ ಊಟಕ್ಕೆ ಕುಳಿತುಕೊಂಡರೆ ನಿಮ್ಮ ನಿಲುವು ಎಲ್ಲರಿಗೂ ತಿಳಿಯುತ್ತದೆ.

ರಾಕಿ ಕುಡಿಯುವ ಮಾಲೀಕರು ರಂಜಾನ್‌ನಲ್ಲಿ ಬಾಟಲಿ ಮುಟ್ಟದಿರುವುದರಲ್ಲಿ ಬೂಟಾಟಿಕೆ ಹುಡುಕಬೇಡಿ. ತಾನು ಮುಸಲ್ಮಾನ ಎಂಬುದರಲ್ಲಿ ಅವರಿಗೆ ಸಂಶಯವಿಲ್ಲ. ಎಷ್ಟು ಆಚರಿಸಬೇಕೆಂಬುದು ತನ್ನ ಮತ್ತು ದೇವರ ನಡುವಿನ ಲೆಕ್ಕ ಎಂದುಕೊಂಡಿರುತ್ತಾರೆ. ಶುಕ್ರವಾರದ ಮಧ್ಯಾಹ್ನದ ನಮಾಜಿಗೆ ಮಾತ್ರ ಹೋಗುವವರು, ಎರಡು ಹಬ್ಬದ ಬೆಳಿಗ್ಗೆ ಮಾತ್ರ ಹೋಗುವವರು, ಐದು ಪವಿತ್ರ ರಾತ್ರಿಗಳಲ್ಲಿ ಎಳ್ಳು ಹಚ್ಚಿದ ಕಂದಿಲ್ ಸಿಮಿತ್ ಎಂಬ ಬಳೆಯಾಕಾರದ ತಿನಿಸು ಕೊಂಡು ನೆರೆಮನೆಗೆ ಹಂಚಿ ಅಲ್ಲಿಗೇ ನಿಲ್ಲಿಸುವವರು, ಹೀಗೆ ಮೆಟ್ಟಿಲುಗಳು ಬಹಳ. ಮಸೀದಿಯ ಒಳಗನ್ನೇ ನೋಡದೆ ಬದುಕಿದವರ ಶವವೂ ಕೊನೆಗೆ ಮಸೀದಿಯ ಅಂಗಳದ ಕಲ್ಲುಕಟ್ಟೆಯ ಮೇಲೆ ಬರುತ್ತದೆ. ಇಸ್ತಾಂಬುಲ್‌ನ ತೆಷ್ವಿಕಿಯೆ ಮಸೀದಿಯಲ್ಲಿ ನಟರು, ಉದ್ಯಮಿಗಳು, ಪತ್ರಕರ್ತರ ಅಂತ್ಯಸಂಸ್ಕಾರ ನೋಡಿದರೆ ಕಪ್ಪು ಕನ್ನಡಕದ, ಬರಿದಲೆಯ ಹೆಂಗಸರೂ ಗುಂಪಿನಲ್ಲಿರುತ್ತಾರೆ. ಸತ್ತವರು ಹೇಗಿದ್ದರೆಂದು ಇಮಾಮ್ ಕೇಳಿದಾಗ "ಒಳ್ಳೆಯವರೆಂದು ಬಲ್ಲೆವು" ಎಂದು, ಋಣವನ್ನು ಮನ್ನಿಸುವಿರಾ ಎಂದಾಗ "ಮನ್ನಿಸಿದೆವು" ಎಂದು ಎಲ್ಲರೂ ಒಕ್ಕೊರಲಿನಿಂದ ಹೇಳುತ್ತಾರೆ. ಶೇಕಡ 99 ಮುಸಲ್ಮಾನರು ಎಂದು ಪದೇ ಪದೇ ಉಲ್ಲೇಖಿಸುವ ಅಂಕಿ ಹುಟ್ಟಿನ ನೋಂದಣಿಯನ್ನು ಆಧರಿಸಿದ್ದು. ಯಾರು ಎಷ್ಟು ನಂಬುತ್ತಾರೆ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಧರ್ಮನಿರಪೇಕ್ಷತೆಗೂ ಅಲ್ಲಿ ಅದರದ್ದೇ ಆಚರಣೆಗಳಿವೆ, ಪೂಜ್ಯ ಚಿತ್ರಗಳಿವೆ. ನವೆಂಬರ್ 10ರಂದು ನೀವು ಕಂಡದ್ದು ಅದನ್ನೇ. ಇದಕ್ಕೆ ವಿರುದ್ಧ ದಿಕ್ಕಿನ ಉದಾಹರಣೆ ಕೋನ್ಯಾ ನಗರದಲ್ಲಿದೆ. 1925ರ ಕಾನೂನು ಸೂಫಿ ಮಠಗಳನ್ನೆಲ್ಲ ಮುಚ್ಚಿತು, ಆ ಕಾನೂನು ಇಂದಿಗೂ ಜಾರಿಯಲ್ಲಿದೆ. ಸೂಫಿ ಕವಿ ಮೌಲಾನಾ ಜಲಾಲುದ್ದೀನ್ ರೂಮಿಯ ಸಮಾಧಿ ಅಧಿಕೃತವಾಗಿ ಒಂದು ವಸ್ತುಸಂಗ್ರಹಾಲಯ, ಪ್ರತಿ ಡಿಸೆಂಬರ್ 17ರ ಸುಮಾರಿಗೆ ನಡೆಯುವ ಸೆಮಾ ನೃತ್ಯ ಸಾಂಸ್ಕೃತಿಕ ಕಾರ್ಯಕ್ರಮ. ಆದರೆ ಸಮಾಧಿಯ ಮುಂದೆ ಅಂಗೈ ತೆರೆದು ನಿಂತವರ ಕಣ್ಣಲ್ಲಿ ಅದು ವಸ್ತುಸಂಗ್ರಹಾಲಯವಲ್ಲ. ಕಾನೂನಿನ ಪುಸ್ತಕದಲ್ಲಿ ಇಲ್ಲದ ಪಂಥಗಳು ಇಸ್ತಾಂಬುಲ್‌ನ ಫಾತಿಹ್ ಭಾಗದ ಚಾರ್ಶಾಂಬಾ ಓಣಿಗಳಲ್ಲಿ ಎಲ್ಲರ ಕಣ್ಣೆದುರಿಗೇ ಇವೆ, ಚುನಾವಣೆ ಬಂದಾಗ ರಾಜಕಾರಣಿಗಳು ಅವುಗಳ ಬಾಗಿಲು ತಟ್ಟುತ್ತಾರೆ.

ಇನ್ನು ನಿಮ್ಮ ಮಾವನವರ ಭಯ. ಇರಾನ್‌ನ ಹೋಲಿಕೆ ಎರಡು ಕಾರಣಗಳಿಗಾಗಿ ಹೊಂದುವುದಿಲ್ಲ. ಇರಾನ್‌ನಲ್ಲಿ ಸರ್ಕಾರದಿಂದ ಸ್ವತಂತ್ರವಾದ, ಸ್ವಂತ ಆದಾಯವಿದ್ದ ಶಿಯಾ ಧರ್ಮಗುರುಗಳ ಶ್ರೇಣಿಯೊಂದು 1979ರಲ್ಲಿ ಸರ್ಕಾರವನ್ನೇ ವಶಪಡಿಸಿಕೊಂಡಿತು. ಟರ್ಕಿಯಲ್ಲಿ ಅಂಥ ಶ್ರೇಣಿಯೇ ಇಲ್ಲ, ಇರುವವರು ಸಂಬಳದ ನೌಕರರು. ಎರಡನೆಯದಾಗಿ, ಕುಟುಂಬ ಕಾನೂನು 1926ರಿಂದಲೂ ಸ್ವಿಸ್ ಮಾದರಿಯ ನಾಗರಿಕ ಸಂಹಿತೆಯ ಪ್ರಕಾರ ನಡೆಯುತ್ತಿದೆ. ಬಹುಪತ್ನಿತ್ವ ಅಪರಾಧ, ಮಗಳಿಗೂ ಮಗನಿಗೂ ಆಸ್ತಿಯಲ್ಲಿ ಸಮಪಾಲು, ಇಮಾಮ್ ಮಾಡಿಸಿದ ನಿಕಾಹ್ ಒಂದಕ್ಕೇ ಕಾನೂನಿನ ಬೆಲೆ ಇಲ್ಲ. ಸಂವಿಧಾನದ ಎರಡನೆಯ ವಿಧಿ ದೇಶವನ್ನು ಧರ್ಮನಿರಪೇಕ್ಷ ಗಣರಾಜ್ಯವೆನ್ನುತ್ತದೆ, ನಾಲ್ಕನೆಯ ವಿಧಿ ಅದನ್ನು ತಿದ್ದುವ ಪ್ರಸ್ತಾಪವನ್ನೂ ನಿಷೇಧಿಸುತ್ತದೆ.

ಹಾಗೆಂದು ಏನೂ ಬದಲಾಗಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. 2013ರಿಂದ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಅಂಗಡಿಗಳಲ್ಲಿ ಮದ್ಯ ಮಾರುವಂತಿಲ್ಲ, ಅದರ ಮೇಲಿನ ತೆರಿಗೆ ವಿಪರೀತ ಏರಿದೆ. 2017ರಲ್ಲಿ ಮುಫ್ತಿಗಳಿಗೆ ನಾಗರಿಕ ವಿವಾಹ ನೋಂದಾಯಿಸುವ ಅಧಿಕಾರ ಸಿಕ್ಕಿತು, ಅದೇ ವರ್ಷ ಪ್ರೌಢಶಾಲೆಯ ಜೀವಶಾಸ್ತ್ರದ ಪಠ್ಯದಿಂದ ವಿಕಾಸವಾದ ಹೊರಬಿತ್ತು. 2021ರಲ್ಲಿ ಮಹಿಳೆಯರ ಮೇಲಿನ ಹಿಂಸೆಯನ್ನು ತಡೆಯುವ, ಇಸ್ತಾಂಬುಲ್ ಹೆಸರನ್ನೇ ಹೊತ್ತ ಒಪ್ಪಂದದಿಂದ ದೇಶ ಹೊರನಡೆಯಿತು. ಹಾಗಿಯಾ ಸೋಫಿಯಾವನ್ನು ವಸ್ತುಸಂಗ್ರಹಾಲಯ ಮಾಡಿದ 1934ರ ಆದೇಶವನ್ನು ಅತ್ಯುನ್ನತ ಆಡಳಿತ ನ್ಯಾಯಾಲಯ 2020ರ ಜುಲೈ 10ರಂದು ರದ್ದುಮಾಡಿತು, ಎರಡು ವಾರದ ನಂತರ ಅಲ್ಲಿ ಶುಕ್ರವಾರದ ನಮಾಜ್ ನಡೆಯಿತು. ಇವೆಲ್ಲ ಗಂಭೀರವೇ. ಆದರೆ ಅಲ್ಲಿನ ನನ್ನ ಹಳೆಯ ವಿದ್ಯಾರ್ಥಿಗಳು ನಿದ್ದೆ ಕೆಡಿಸಿಕೊಳ್ಳುವುದು ಷರಿಯತ್ ಬರುತ್ತದೆಂದಲ್ಲ. ನ್ಯಾಯಾಲಯ, ಪತ್ರಿಕೆ, ವಿಶ್ವವಿದ್ಯಾಲಯಗಳೆಲ್ಲ ಒಬ್ಬ ವ್ಯಕ್ತಿಯ ಅಧಿಕಾರದತ್ತ ಸರಿಯುತ್ತಿರುವುದರಿಂದ. 2025ರ ಮಾರ್ಚ್‌ನಲ್ಲಿ ಇಸ್ತಾಂಬುಲ್‌ನ ಮೇಯರ್ ಎಕ್ರೆಮ್ ಇಮಾಮೋಲು ಬಂಧನಕ್ಕೊಳಗಾದಾಗ ಬೀದಿಗಿಳಿದವರಲ್ಲಿ ತಲೆವಸ್ತ್ರ ಧರಿಸಿದವರೂ ಇದ್ದರು. ಮಾವನವರಿಗೆ ಹೇಳಬೇಕಾದರೆ ಇಷ್ಟು ಹೇಳಿ: ಧರ್ಮದ ಕಾರಣಕ್ಕಾಗಿ ಒಂದು ವಿದೇಶಿ ಕುಟುಂಬ ಗಂಟುಮೂಟೆ ಕಟ್ಟಬೇಕಾದ ಸ್ಥಿತಿ ಅಲ್ಲಿಲ್ಲ; ಹಣದುಬ್ಬರಕ್ಕಾಗಿ ಕಟ್ಟಿದ ಕುಟುಂಬಗಳು ನನಗೆ ಗೊತ್ತು.

ಉಸ್ಕುದಾರ್ ಬಗ್ಗೆ ಹೆದರಿಸುವವರ ಮಾತು ಹತ್ತು ವರ್ಷ ಹಳೆಯದು. ದಶಕಗಳ ಕಾಲ ಧಾರ್ಮಿಕ ಒಲವಿನ ಪಕ್ಷಗಳನ್ನೇ ಗೆಲ್ಲಿಸುತ್ತಿದ್ದ ಆ ಕ್ಷೇತ್ರ 2024ರ ಮಾರ್ಚ್ 31ರಂದು ಗಣರಾಜ್ಯವಾದಿ ಜನತಾ ಪಕ್ಷದ ಸಿನೆಮ್ ದೆದೆತಾಷ್ ಎಂಬ ಮಹಿಳೆಯನ್ನು ಮೇಯರ್ ಆಗಿ ಆರಿಸಿತು. ಅಲ್ಲಿ ಬಾರುಗಳು ಕಡಿಮೆ, ಮಸೀದಿಗಳು ಬಹಳ, ಮಕ್ಕಳಿಗೆ ಆಡಲು ಜಾಗವುಂಟು, ರಾತ್ರಿ ಹೆಂಗಸರು ಒಬ್ಬರೇ ನಡೆದು ಬರಲು ತೊಂದರೆಯಿಲ್ಲ. ಬಾಷಾಕ್‌ಶೆಹಿರ್ ಇನ್ನಷ್ಟು ಅಗ್ಗವೆಂದು ಯಾರಾದರೂ ಸೂಚಿಸಿದರೆ ಅದು ಹೊಸದಾಗಿ ಹಣ ಕಂಡ ಧಾರ್ಮಿಕ ಮಧ್ಯಮವರ್ಗದ ಬಡಾವಣೆ ಎಂಬುದನ್ನು ತಿಳಿದಿರಿ. ಅಲ್ಲಿ ಅಪಾಯವೇನಿಲ್ಲ, ಆದರೆ ಬೇರೆ ಬಗೆಯ ಜೀವನದವರು ಕಡಿಮೆಯಿರುವುದರಿಂದ ನಿಮಗೆ ಒಂಟಿತನ ಕಾಡಬಹುದು. ಫಾತಿಹ್‌ನ ಕೆಲವು ಓಣಿಗಳನ್ನು ಬಿಟ್ಟರೆ ಉಡುಪಿನ ಬಗ್ಗೆ ಯಾರೂ ಮಾತಾಡುವುದಿಲ್ಲ. ಹಣೆಯ ಕುಂಕುಮವನ್ನು ಕಂಡು ಕೇಳಿದರೆ ಅದು ಬಹುಮಟ್ಟಿಗೆ ಕುತೂಹಲ. ಸಂಪ್ರದಾಯಸ್ಥ ಪ್ರೇಕ್ಷಕರ ಕನಾಲ್ 7 ವಾಹಿನಿ ಹಿಂದಿ ಧಾರಾವಾಹಿಗಳನ್ನು ಡಬ್ ಮಾಡಿ ವರ್ಷಗಟ್ಟಲೆ ಪ್ರಸಾರ ಮಾಡಿದ್ದರಿಂದ, ಕರಿಮಣಿ ಸರದ ಅರ್ಥವನ್ನು ತಲೆವಸ್ತ್ರದ ಅಜ್ಜಿಯೊಬ್ಬರು ನಿಮಗೇ ವಿವರಿಸಬಹುದು.

ಉಸ್ಕುದಾರ್‌ಗೆ ಸೇರಿದ ಕುಜ್‌ಗುಂಜುಕ್‌ನಲ್ಲಿ ಮಸೀದಿಯ ಮಗ್ಗುಲಲ್ಲೇ ಆರ್ಮೇನಿಯನ್ ಚರ್ಚು, ಹತ್ತಿರದಲ್ಲಿ ಯಹೂದಿಗಳ ಸಿನಗಾಗ್ ಇರುವುದನ್ನು ನಿಮಗೆ ಯಾರಾದರೂ ಸಹಬಾಳ್ವೆಯ ಮಾದರಿಯೆಂದು ತೋರಿಸುತ್ತಾರೆ. ಕಟ್ಟಡಗಳಿವೆ, ಅವುಗಳ ಜನ ಬಹುಪಾಲು ಇಲ್ಲ. 1923ರಲ್ಲಿ ಗ್ರೀಸ್ ಮತ್ತು ಟರ್ಕಿ ಜನರನ್ನು ವಿನಿಮಯ ಮಾಡಿಕೊಂಡಾಗ ಅಳತೆಗೋಲು ಭಾಷೆಯಾಗಿರಲಿಲ್ಲ, ಧರ್ಮವಾಗಿತ್ತು: ಟರ್ಕಿಶ್ ಮಾತಾಡುವ ಅನಾತೋಲಿಯಾದ ಕ್ರೈಸ್ತರು ಗ್ರೀಸಿಗೆ ಹೋದರು, ಗ್ರೀಕ್ ಮಾತಾಡುವ ಕ್ರೀಟ್ ದ್ವೀಪದ ಮುಸಲ್ಮಾನರು ಟರ್ಕಿಗೆ ಬಂದರು. ಇಸ್ತಾಂಬುಲ್‌ನಲ್ಲಿ ಉಳಿದುಕೊಂಡ ಅಲ್ಪಸಂಖ್ಯಾತರು, ತಮ್ಮ ಮೇಲೆ ಮಿತಿಮೀರಿ ಹೇರಿದ 1942ರ ಸಂಪತ್ತಿನ ತೆರಿಗೆ ಮತ್ತು ತಮ್ಮ ಮನೆ, ಅಂಗಡಿಗಳ ಮೇಲೆ 1955ರ ಸೆಪ್ಟೆಂಬರ್ 6 ಮತ್ತು 7ರಂದು ನಡೆದ ದಾಳಿಗಳ ನಂತರ ಕರಗಿಹೋದರು. ಆ ವರ್ಷಗಳಲ್ಲಿ ಆಳುತ್ತಿದ್ದವರೂ ಧರ್ಮನಿರಪೇಕ್ಷ ಸಂವಿಧಾನದ ಮೇಲೆ ಪ್ರಮಾಣ ಮಾಡಿದವರೇ. ಹಾಗಾಗಿ ಧರ್ಮನಿರಪೇಕ್ಷತೆ ಇದ್ದಾಗ ಎಲ್ಲವೂ ಚೆನ್ನಾಗಿತ್ತು, ಈಗ ಕೆಟ್ಟಿತು ಎಂಬ ಕಥೆಯನ್ನು ನಿಮ್ಮ ಸಹೋದ್ಯೋಗಿಗಳಿಂದ ಕೇಳಿದಾಗ ಅರ್ಧ ಮಾತ್ರ ನಂಬಿ. ಈ ಹಳೆಯ ಗಾಯಗಳ ಪಟ್ಟಿಯಲ್ಲಿ ಹಿಂದೂಗಳು ಇಲ್ಲದಿರುವುದರಿಂದಲೇ ನಿಮ್ಮ ಬದುಕು ಅಲ್ಲಿ ಹಗುರ. ಮನೆಯೊಳಗಿನ ಪೂಜೆಗೆ, ಗಂಟೆಗೆ, ಅಗರಬತ್ತಿಗೆ ಯಾರ ತಕರಾರೂ ಬರುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ನಿಷ್ಠುರವಾಗಿ ಎಚ್ಚರಿಸುತ್ತೇನೆ. ಅತಾತುರ್ಕ್ ಅವರ ಸ್ಮರಣೆಗೆ ಅಪಮಾನ ಮಾಡುವುದು 1951ರ ವಿಶೇಷ ಕಾನೂನಿನ ಪ್ರಕಾರ ಅಪರಾಧ, ಧಾರ್ಮಿಕ ಮೌಲ್ಯಗಳನ್ನು ಅವಹೇಳನ ಮಾಡುವುದು ದಂಡ ಸಂಹಿತೆಯ 216ನೆಯ ವಿಧಿಯ ಪ್ರಕಾರ ಅಪರಾಧ, ರಾಷ್ಟ್ರಾಧ್ಯಕ್ಷರನ್ನು ನಿಂದಿಸುವುದು 299ನೆಯ ವಿಧಿಯ ಪ್ರಕಾರ ಅಪರಾಧ. ಎರಡೂ ಪಾಳಯಗಳು ತಮ್ಮ ತಮ್ಮ ಪೂಜ್ಯರಿಗೆ ಬೇಲಿ ಹಾಕಿಕೊಂಡಿವೆ. ಊರಿನ ವಾಟ್ಸ್ಆ್ಯಪ್ ಗುಂಪಿನಿಂದ ಬಂದ ಹಾಸ್ಯಚಿತ್ರವನ್ನು ಆಫೀಸಿನ ಗುಂಪಿಗೆ ದಾಟಿಸುವುದು, ಫೇಸ್‌ಬುಕ್‌ನಲ್ಲಿ ಹಂಚುವುದು ಬೇಡವೇ ಬೇಡ. ನಿವಾಸ ಪರವಾನಗಿಯ ಮೇಲೆ ಬದುಕುವ ಕುಟುಂಬಕ್ಕೆ ಅದರ ಬೆಲೆ ದೊಡ್ಡದಾಗಬಹುದು.

ಊಟ, ಹಬ್ಬದ ವಿಷಯ ಚಿಕ್ಕದು. ರಂಜಾನ್‌ನಲ್ಲಿ ಆಫೀಸಿನಲ್ಲಿ ಚಹಾ ಕುಡಿಯಬಹುದು; ಪಕ್ಕದವರು ಉಪವಾಸವಿದ್ದರೆ ಒಂದು ಮಾತು ಕೇಳಿ ಕುಡಿಯುವುದು ಸಭ್ಯತೆ. ಮೊಹರಂ ತಿಂಗಳಲ್ಲಿ ನೆರೆಯವರು ತರುವ ಆಶುರೆ ಗೋಧಿ, ಕಡಲೆ, ಒಣಹಣ್ಣುಗಳ ಸಿಹಿ, ಸಸ್ಯಾಹಾರಿಗಳು ಧೈರ್ಯವಾಗಿ ತಿನ್ನಬಹುದು, ಬಟ್ಟಲನ್ನು ಖಾಲಿ ಹಿಂದಿರುಗಿಸಬೇಡಿ. ಬಕ್ರೀದ್‌ನಲ್ಲಿ ಬಲಿಯ ಮಾಂಸದ ಪಾಲು ನಿಮ್ಮ ಬಾಗಿಲಿಗೆ ಬರುವುದು ಖಚಿತ. ಬಾಗಿಲಲ್ಲಿ ನಿರಾಕರಿಸಿದರೆ ನೋವಾಗುತ್ತದೆ, ಹಬ್ಬಕ್ಕೆ ಒಂದು ವಾರ ಮೊದಲೇ ನಾವು ಮಾಂಸ ತಿನ್ನುವುದಿಲ್ಲವೆಂದು ಹೇಳಿಬಿಟ್ಟರೆ ಯಾರಿಗೂ ನೋವಾಗುವುದಿಲ್ಲ.

ಈಗ ಮಗನ ಪಾಠ. ಇದನ್ನು ಕಡ್ಡಾಯ ಮಾಡಿದ್ದು ಇಂದಿನ ಸರ್ಕಾರವಲ್ಲ. 1980ರಲ್ಲಿ ಅಧಿಕಾರ ಕಿತ್ತುಕೊಂಡ ಸೇನಾಧಿಕಾರಿಗಳು. ಎಡಪಂಥದ ಯುವಕರನ್ನು ಹತ್ತಿಕ್ಕಲು ಶಿಸ್ತಿನ, ಸರ್ಕಾರಿ ಮುದ್ರೆಯ ಧರ್ಮ ಒಳ್ಳೆಯ ಔಷಧವೆಂದು ಭಾವಿಸಿ 1982ರ ಸಂವಿಧಾನದ 24ನೆಯ ವಿಧಿಯಲ್ಲಿ 'ಧರ್ಮ ಸಂಸ್ಕೃತಿ ಮತ್ತು ನೀತಿ' ಪಾಠವನ್ನು ಸೇರಿಸಿದರು. ವಿಶ್ವವಿದ್ಯಾಲಯದ ಹುಡುಗಿಯರ ತಲೆವಸ್ತ್ರ ತೆಗೆಸಿದ ವ್ಯವಸ್ಥೆಯೂ ಇದೇ. ಪಾಠ ನಾಲ್ಕನೆಯ ತರಗತಿಯಿಂದ ಶುರುವಾಗಿ ಹನ್ನೆರಡರವರೆಗೆ ನಡೆಯುತ್ತದೆ. ಹೆಸರಿಗೆ ಅದು ಎಲ್ಲ ಧರ್ಮಗಳ ಪರಿಚಯ. ಪುಸ್ತಕ ತೆರೆದರೆ ಮುಖ್ಯವಾಗಿ ಸುನ್ನಿ ಇಸ್ಲಾಂ. ಅಲೆವಿ ಪೋಷಕರು ಹೂಡಿದ ದಾವೆಗಳಲ್ಲಿ ಐರೋಪ್ಯ ನ್ಯಾಯಾಲಯ 2007ರಲ್ಲಿ, ಮತ್ತೆ 2014ರಲ್ಲಿ, ಈ ವ್ಯವಸ್ಥೆ ಪೋಷಕರ ನಂಬಿಕೆಯನ್ನು ಗೌರವಿಸುವುದಿಲ್ಲವೆಂದು ತೀರ್ಪಿತ್ತಿದೆ. ಪಠ್ಯದಲ್ಲಿ ಅಲೆವಿಗಳ ಬಗ್ಗೆ ಕೆಲವು ಪುಟ ಸೇರಿದವು, ಕಡ್ಡಾಯ ಹೋಗಲಿಲ್ಲ.

ನಿಮ್ಮ ಮುಂದೆ ಮೂರು ದಾರಿಗಳಿವೆ. ವಿದೇಶಿ ಮಕ್ಕಳಿಗಾಗಿಯೇ ಇರುವ ಅಂತರರಾಷ್ಟ್ರೀಯ ಶಾಲೆಯಲ್ಲಿ ಈ ಪಾಠದ ತೊಡಕಿಲ್ಲ. ಆದರೆ ಶುಲ್ಕವನ್ನು ಕಂಪನಿ ಭರಿಸದಿದ್ದರೆ ಸಂಬಳದ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ, ಮಗ ಟರ್ಕಿಶ್ ಭಾಷೆಯನ್ನೂ ಬೀದಿಯ ಗೆಳೆಯರನ್ನೂ ಅಷ್ಟರಮಟ್ಟಿಗೆ ಕಳೆದುಕೊಳ್ಳುತ್ತಾನೆ. ಸಾಮಾನ್ಯ ಶಾಲೆಯಲ್ಲಿಯೇ ಉಳಿಸಿ ವಿನಾಯಿತಿ ಕೇಳುವುದು ಎರಡನೆಯ ದಾರಿ. 1990ರ ಒಂದು ತೀರ್ಮಾನ ಕ್ರೈಸ್ತ ಮತ್ತು ಯಹೂದಿ ಮಕ್ಕಳಿಗೆ ವಿನಾಯಿತಿ ಕೊಡುತ್ತದೆ. ಹಿಂದೂಗಳ ಹೆಸರು ಅದರಲ್ಲಿಲ್ಲ. ನಾನು ಕಂಡ ಪ್ರಕರಣಗಳಲ್ಲಿ ವಿದೇಶಿ ಮಕ್ಕಳ ಅರ್ಜಿಯನ್ನು ಮುಖ್ಯೋಪಾಧ್ಯಾಯರು ಸೌಜನ್ಯದಿಂದಲೇ ಸ್ವೀಕರಿಸಿದ್ದಾರೆ, ಕೆಲವೆಡೆ ಜಿಲ್ಲಾ ಶಿಕ್ಷಣ ಕಚೇರಿಗೆ ಓಡಾಡಿಸಿದ್ದೂ ಉಂಟು. ವಿನಾಯಿತಿ ಸಿಕ್ಕಿದ ಮೇಲಿನ ತೊಂದರೆ ಬೇರೆಯದು: ಆ ಹೊತ್ತಿನಲ್ಲಿ ಮಗು ಗ್ರಂಥಾಲಯದಲ್ಲೋ ಹಜಾರದಲ್ಲೋ ಒಂಟಿಯಾಗಿ ಕುಳಿತುಕೊಳ್ಳಬೇಕು, ಅವನೇಕೆ ಹೊರಗೆ ಎಂದು ಉಳಿದ ಮಕ್ಕಳು ಕೇಳುತ್ತಾರೆ. ಮೂರನೆಯ ದಾರಿ, ಪಾಠಕ್ಕೆ ಕೂರಲು ಬಿಟ್ಟು ಮನೆಯಲ್ಲಿ ನಿಮ್ಮ ವಿವರಣೆಯನ್ನು ಕೊಡುವುದು. ಇಲ್ಲಿ ಶಿಕ್ಷಕರ ಸ್ವಭಾವ ನಿರ್ಣಾಯಕ. ಕುರಾನಿನ ಸೂರಾಗಳನ್ನು ಬಾಯಿಪಾಠ ಮಾಡಿಸಿ ಅಂಕ ಕೊಡುವವರೂ ಇದ್ದಾರೆ, ಊರಿನ ಹಬ್ಬಗಳ ಬಗ್ಗೆ ಹೇಳೆಂದು ಹುಡುಗನನ್ನೇ ಎಬ್ಬಿಸಿ ನಿಲ್ಲಿಸುವವರೂ ಇದ್ದಾರೆ. ನಿಮ್ಮ ಒಪ್ಪಂದ ಎರಡು ಮೂರು ವರ್ಷದ್ದಾಗಿದ್ದು ಶಿಕ್ಷಕರು ಎರಡನೆಯ ಬಗೆಯವರಾಗಿದ್ದರೆ ನಾನು ಮೂರನೆಯ ದಾರಿಯನ್ನೇ ಸೂಚಿಸುತ್ತೇನೆ; ಶಾಲೆ ಶುರುವಾಗುವ ಮೊದಲು ಹೋಗಿ ಅವರನ್ನು ಕಂಡು ಮಾತಾಡಿದರೆ ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ಐದನೆಯ ತರಗತಿಯಿಂದ ಬರುವ ಐಚ್ಛಿಕ ವಿಷಯಗಳ ಪಟ್ಟಿಯಲ್ಲಿ ಕುರಾನ್ ಮತ್ತು ಪ್ರವಾದಿಯ ಜೀವನವೂ ಇರುತ್ತವೆ. ಬೇರೆ ವಿಷಯಕ್ಕೆ ಶಿಕ್ಷಕರಿಲ್ಲವೆಂದು ಅವನ್ನೇ ತುಂಬಿಸುತ್ತಾರೆ ಎಂಬ ದೂರು ಸಾಮಾನ್ಯ. ಆ ನಮೂನೆಯನ್ನು ಶಾಲೆಗೆ ಬಿಡದೆ ನೀವೇ ಕೈಯಾರೆ ತುಂಬಿ ಸಹಿ ಮಾಡಿ.

ವಿನಾಯಿತಿಯನ್ನೇ ಆರಿಸಿಕೊಂಡರೆ ಬಾಯಿಮಾತಿನ ಭರವಸೆಗೆ ತೃಪ್ತರಾಗಬೇಡಿ. ಮುಖ್ಯೋಪಾಧ್ಯಾಯರ ಹೆಸರಿಗೆ ಟರ್ಕಿಶ್ ಭಾಷೆಯಲ್ಲಿ ಒಂದು ಪುಟದ ದಿಲೆಕ್ಚೆ (ಅರ್ಜಿ) ಬರೆಯಿಸಿ, ಪಾಸ್‌ಪೋರ್ಟ್ ಮತ್ತು ಜನನ ಪ್ರಮಾಣಪತ್ರಗಳ ಪ್ರಮಾಣೀಕೃತ ಅನುವಾದ ಲಗತ್ತಿಸಿ, ಆಗಸ್ಟ್ ಕೊನೆಯೊಳಗೆ ಸಲ್ಲಿಸಿ, ಕಡತದ ನೋಂದಣಿ ಸಂಖ್ಯೆ ಮತ್ತು ದಿನಾಂಕವಿರುವ ಪ್ರತಿಯನ್ನು ಇಟ್ಟುಕೊಳ್ಳಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಲ್ಲಿನ ಆಡಳಿತ ಕಾನೂನು ಅದನ್ನು ತಿರಸ್ಕಾರವೆಂದು ಪರಿಗಣಿಸುತ್ತದೆ, ನ್ಯಾಯಾಲಯಕ್ಕೆ ಹೋಗುವ ಗಡುವಿನ ಲೆಕ್ಕವೂ ಅಂದಿನಿಂದಲೇ ಶುರುವಾಗುತ್ತದೆ. ಅಲ್ಲಿಯವರೆಗೆ ಕಾಯದೆ ಮೂರನೆಯ ವಾರದಲ್ಲಿಯೇ ಶಾಲೆಗೆ ಹೋಗಿ ಕಡತ ಎಲ್ಲಿದೆಯೆಂದು ವಿಚಾರಿಸಿ.